ಏಳು ಲಿವರಿನ ಬೀಗ

ಅಲೀಗಢದ ಕೋರ್ಟಿನ ಅಂಗಳ. ಬೇವಿನ ಬುಡಕ್ಕೆ
ಸರಪಳಿ ಹಾಕಿ ಬಿಗಿದ ವಕೀಲರ ಕುರ್ಚಿಗಳು.
ಅವುಗಳ ನಡುವೆ ನಾನು, ನನ್ನ ಟೈಪ್‌ರೈಟರು.
ಪುಟಕ್ಕೆ ಹತ್ತು ರೂಪಾಯಿ.
ಮುಕುಟ್ ವಾರ್ಷ್ಣೇಯ, ಬಿ.ಎ., ಎಲ್ಲೆಲ್ಬಿ:
ಹದಿನಾಲ್ಕು ಪುಟ ಬಾಕಿ.

ಆರು ವರ್ಷದಲ್ಲಿ ಅವನು ವಾದಿಸಿದ್ದು
ಚಹಾದ ಲೆಕ್ಕ, ಸೈಕಲ್ ಸ್ಟ್ಯಾಂಡಿನ ಚೀಟಿ,
ಒಮ್ಮೆ ಒಂದು ಮೇಕೆಯ ಪರವಾಗಿ. ಸೋತ.
ವಕಾಲತ್ತನ್ನು ಮೇಕೆಯೇ ತಿಂದುಬಿಟ್ಟಿತ್ತು.
ಕೋಟಿನ ಕಪ್ಪು ಬೆನ್ನ ಮೇಲೆ ಹಸಿರಿಗೆ ತಿರುಗಿತ್ತು.
ಕೊರಳಿನ ಬಿಳಿ ಪಟ್ಟಿ, ಹೆಂಡತಿ ದಿಂಬಿನ ಗವಸು ಕತ್ತರಿಸಿ
ಹೊಲಿದುಕೊಟ್ಟದ್ದು. ಗಾಳಿ ಬೀಸಿ ಮಗುಚಿದರೆ
ಹಿಂಬದಿಯಲ್ಲಿ ಕಸೂತಿಯ ಗಿಳಿ.

ಅಂಥವನ ಮುಂದೆ ಬಂದು ಕೂತಳು ಅನೀಸಾ ಬೀ,
ಬಲಗೈ ದುಪಟ್ಟಾದೊಳಗೆ.
ತೆಗೆದು ತೋರಿಸಿದಳು. ಮೂರು ಬೆರಳು.
ಉಳಿದೆರಡು ಕಾರ್ಖಾನೆಯ ಪ್ರೆಸ್ಸಿಗೆ ಹೋಗಿದ್ದವು.
"ಎದುರು ಪಾರ್ಟಿ ಯಾರು?"
ಅವಳು ಹೆಸರು ಹೇಳಿದಳು. ಅವನು ಎದ್ದು ನಿಂತ.
ಊರಿನ ಅರ್ಧ ಬಾಗಿಲುಗಳ ಮೇಲೆ ನೇತಾಡುವ ಹೆಸರು ಅದು.
ನನ್ನ ಟೈಪ್‌ರೈಟರಿನ ಪೆಟ್ಟಿಗೆಗೂ ಅದೇ ಬೀಗ.

ಕಂಪನಿಯ ವಕೀಲರು ದಿಲ್ಲಿಯವರು.
ಕಾರಿನಿಂದ ಮೊದಲು ಮೂವರು ಕಿರಿಯರು ಇಳಿದರು,
ಆಮೇಲೆ ಕಡತಗಳು, ಆಮೇಲೆ ಅವರ ಹೊಟ್ಟೆ,
ಕಡೆಗೆ ಅವರು.
"ಈ ಹೆಂಗಸು ನಮ್ಮಲ್ಲಿ ಒಂದು ದಿನವೂ ದುಡಿದಿಲ್ಲ, ಹುಜೂರ್.
ಹಾಜರಿ ಪುಸ್ತಕ ನೋಡಿ."
ಹಾಜರಿ ಪುಸ್ತಕ ಟ್ರಂಕಿನಲ್ಲಿ. ಟ್ರಂಕಿಗೆ ಕಂಪನಿಯ ಬೀಗ.
ಕೀಲಿಕೈ?
ದಿಲ್ಲಿಯಲ್ಲಿ.

ಪೇಶ್ಕಾರ ಪೇಪರ್‌ವೇಟಿನಿಂದ ಕುಟ್ಟಿದ.
ಜವಾನ ಸುತ್ತಿಗೆ ತಂದ. ಸುತ್ತಿಗೆಯ ತಲೆ ಹಾರಿ
ಗೋಡೆಯ ಗಡಿಯಾರಕ್ಕೆ ಬಡಿಯಿತು,
ಎರಡು ವರ್ಷದಿಂದ ನಿಂತಿದ್ದದ್ದು ನಡೆಯತೊಡಗಿತು.
"ಏಳು ಲಿವರು," ಹೊಟ್ಟೆ ನೀವಿಕೊಂಡರು ದಿಲ್ಲಿಯವರು,
"ಕಳ್ಳನ ಅಪ್ಪ ಬಂದರೂ ತೆರೆಯದು. ಡಬ್ಬಿಯ ಮೇಲೇ ಅಚ್ಚಾಗಿದೆ."

ಮುಕುಟನ ಬಾಯಲ್ಲಿ ಮಾತಿಲ್ಲ. ಕೊರಳ ಪಟ್ಟಿ ಮಗುಚಿ
ಗಿಳಿ ಮಾತ್ರ ಜಡ್ಜನ್ನೇ ನೋಡುತ್ತಿತ್ತು.

ಅನೀಸಾ ಬೀ ಎದ್ದಳು. ಮುಡಿಯಿಂದ ಪಿನ್ನು ತೆಗೆದಳು.
ಜ್ವರದ ಮಗುವಿನ ಎದೆಗೆ ಕಿವಿಗೊಡುವ ಹಾಗೆ
ಬೀಗಕ್ಕೆ ಕಿವಿಗೊಟ್ಟಳು.
ಮೂರು ಬೆರಳು. ಒಂದು ತಿರುವು.
ಕಟ್.

"ನೋಡಿ ಹುಜೂರ್, ಕಳ್ಳಿ ಇವಳು!"
ಆಗ ಮುಕುಟ್ ವಾರ್ಷ್ಣೇಯ
ಬರೆದುಕೊಂಡು ಬಾರದ ಮಾತೊಂದನ್ನು ಮೊದಲ ಸಲ ಆಡಿದ:
"ಕಳ್ಳನ ಅಪ್ಪನಿಗೂ ತೆರೆಯದ್ದು ಇವಳಿಗೆ ತೆರೆಯಿತಲ್ಲ.
ಒಂದೋ ನಿಮ್ಮ ಡಬ್ಬಿ ಸುಳ್ಳು, ಇಲ್ಲ ನಿಮ್ಮ ಹಾಜರಿ ಸುಳ್ಳು.
ಯಾವುದು ಅಂತ ನೀವೇ ಹೇಳಿ, ಹುಜೂರ್ ಬರೆದುಕೊಳ್ಳಲಿ."

ಜಡ್ಜು ಕಡತ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.
ಕಿಟಕಿಯಾಚೆ ನಿಂತಿದ್ದೆ ನಾನು,
ಅವರ ಭುಜ ಕುಲುಕುವುದು ಕಾಣುತ್ತಿತ್ತು.

ಇದೇ ಸಿನಿಮಾ ಆಗಿದ್ದರೆ ಇಲ್ಲಿ ನಗಾರಿ ಬಡಿಯುತ್ತಿತ್ತು,
ಮುಂದಿನ ಸಾಲಿನವರು ಶಿಳ್ಳೆ ಹಾಕುತ್ತಿದ್ದರು,
ಸಮೋಸಾದ ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು
ನಾವು ಎದ್ದು ಮನೆಗೆ ಹೋಗಬಹುದಿತ್ತು.
ಇಲ್ಲಿ ಟ್ರಂಕು ತೆರೆದರೆ
ಅವಳ ವರ್ಷಗಳ ಹಾಳೆಗಳನ್ನಷ್ಟೇ
ಗೆದ್ದಲು ಓದಿ ಮುಗಿಸಿತ್ತು.
ಮುಂದಿನ ತಾರೀಖು: ಮಾರ್ಚ್ ಹನ್ನೊಂದು.

ಎಲ್ಲರೂ ಏಳುವ ಗದ್ದಲದಲ್ಲಿ ಅನೀಸಾ ಬೀ
ಬೀಗವನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ,
ತಿರುಗಿ ಟ್ರಂಕಿಗೆ ಹಾಕಿ ಒತ್ತಿದಳು.
ಹಳೆಯ ಅಭ್ಯಾಸ.
ಜವಾನ ತಲೆ ಮೇಲೆ ಕೈ ಹೊತ್ತುಕೊಂಡ.

ಸಂಜೆ ಮುಕುಟ ಬಂದು ಹತ್ತರ ನೋಟೊಂದನ್ನು
ಮೂರು ಸಲ ಸವರಿ ನನ್ನ ಮೇಜಿನ ಮೇಲಿಟ್ಟ.
ಪೆಟ್ಟಿಗೆ ಮುಚ್ಚುವಾಗ ನನ್ನ ಕೈ, ಯಾಕೋ,
ಬೀಗದ ಮೇಲೆ ಒಂದು ಗಳಿಗೆ ನಿಂತಿತು.
ಹದಿಮೂರು ಪುಟ ಬಾಕಿ.